ಗುತ್ತಿನಾ, ಮಂದಣ್ಣನಾ? ಇನ್ನು ಕೇಳಬೇಡಿ

“ಗುತ್ತಿನಾ, ಮಂದಣ್ಣನಾ? ಒಬ್ಬರ ಹೆಸರು ಹೇಳಿ ನೋಡೋಣ.”

ಈ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ಸಾಕಾಗಿದೆ. ಆಫೀಸಿನ ಕ್ಯಾಂಟೀನಿನಲ್ಲಿ ಕೇಳಿದ್ದಾರೆ. ಮೆಟ್ರೋದಲ್ಲಿ ಕಂಬಿ ಹಿಡಿದು ನಿಂತಾಗ ಕೇಳಿದ್ದಾರೆ. ಹೋದ ವರ್ಷ ಕೆಂಗೇರಿಯಲ್ಲಿ ನೆಂಟರ ಗೃಹಪ್ರವೇಶ ಇತ್ತು. ಅಲ್ಲಿ ಊಟದ ಪಂಕ್ತಿಯಲ್ಲಿ ಎಲ್ಲರೆದುರು ನಮ್ಮ ಚಿಕ್ಕಪ್ಪ ಕೇಳಿದರು. ಪಾಯಸ ಬಡಿಸುತ್ತಿದ್ದ ಹುಡುಗನೂ ಸೌಟು ಹಿಡಿದುಕೊಂಡು ನಿಂತುಬಿಟ್ಟ, ಇವರು ಏನು ಹೇಳುತ್ತಾರೋ ನೋಡೋಣ ಅಂತ. ಅದಕ್ಕೇ ಒಂದು ಸಲ ಬರೆದು ಇಟ್ಟುಬಿಡುತ್ತೇನೆ. ಇನ್ನು ಮೇಲೆ ಯಾರು ಕೇಳಿದರೂ ಇದನ್ನೇ ಕಳಿಸುತ್ತೇನೆ.

ಗೊತ್ತಿಲ್ಲದವರಿಗೆ ಎರಡು ಮಾತು. ಗುತ್ತಿ ಬರುವುದು ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿ. ಅದು 1967ರ ಪುಸ್ತಕ. ಮಂದಣ್ಣ ಬರುವುದು ತೇಜಸ್ವಿಯವರ ‘ಕರ್ವಾಲೊ’ದಲ್ಲಿ. ಅದು 1980ರದು. ಅಪ್ಪ ಒಂದು, ಮಗ ಒಂದು, ನಡುವೆ 13 ವರ್ಷ. ಗುತ್ತಿ ಸಿಂಬಾವಿ ಭರಮೈಹೆಗ್ಗಡೆಯವರ ಜೀತದಾಳು. ಹುಲಿಯ ಅನ್ನುವ ದೊಡ್ಡ ನಾಯಿ ಅವನನ್ನು ಬಿಟ್ಟು ಇರುವುದಿಲ್ಲ. ಹಾಗಾಗಿ ಜನರ ಬಾಯಲ್ಲಿ ಅವನು ನಾಯಿಗುತ್ತಿ. ಮಂದಣ್ಣ ಮೂಡಿಗೆರೆ ಕಡೆಯ ಹುಡುಗ. ಜೇನಿನ ವಿಷಯದಲ್ಲಿ ಎತ್ತಿದ ಕೈ, ಮಿಕ್ಕಿದ್ದಕ್ಕೆಲ್ಲ ಊರಿನವರ ಲೆಕ್ಕದಲ್ಲಿ ಪೆದ್ದ. ಕರ್ವಾಲೊ ಅನ್ನುವ ವಿಜ್ಞಾನಿ ಮಾತ್ರ ಅವನನ್ನು ಬಿಡುವುದಿಲ್ಲ. ಹಾರುವ ಓತಿಯನ್ನು ಕಣ್ಣಾರೆ ಕಂಡವನು ಅವನು.

ಇವರಿಬ್ಬರ ಬಗ್ಗೆ ನಾನು ಸಿಕ್ಕವರ ಹತ್ತಿರವೆಲ್ಲ ಮಾತಾಡುತ್ತೇನೆ, ನಿಜ. ಆದರೆ ಕೇಳುವ ರೀತಿ ನೋಡಿ. ಚಿಕ್ಕ ಮಕ್ಕಳನ್ನು ತೊಡೆ ಮೇಲೆ ಕೂರಿಸಿಕೊಂಡು “ಅಪ್ಪ ಇಷ್ಟಾನಾ, ಅಮ್ಮ ಇಷ್ಟಾನಾ?” ಅಂತ ಕೇಳುತ್ತಾರಲ್ಲ, ಅದೇ ಧಾಟಿ. ಮಗು ಪಾಪ ಎರಡೂ ಕಡೆ ನೋಡುತ್ತದೆ. ಗುತ್ತಿ ಅಂದರೆ “ಓ, ನೀವು ಕುವೆಂಪು ಪಾರ್ಟಿ” ಅನ್ನುತ್ತಾರೆ. ಮಂದಣ್ಣ ಅಂದರೆ “ಬಿಡಿ, ದಪ್ಪ ಪುಸ್ತಕ ಓದೋಕೆ ಈಗಿನವರಿಗೆ ತಾಳ್ಮೆ ಎಲ್ಲಿದೆ” ಅನ್ನುತ್ತಾರೆ. ಆ ದಪ್ಪ ಪುಸ್ತಕವನ್ನು ನಾನು ನಾಲ್ಕು ಸಲ ಓದಿದ್ದೇನೆ. ಅದರ ಶುರುವಿನಲ್ಲೇ ಕುವೆಂಪು ಬರೆದಿದ್ದಾರೆ, ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ ಅಂತ. ಅಂಥ ಪುಸ್ತಕ ಓದಿದವಳ ಹತ್ತಿರ ಬಂದು ಯಾರು ಹೆಚ್ಚು, ಯಾರು ಕಮ್ಮಿ ಅಂತ ಕೇಳಿದರೆ ನಾನು ಏನು ಹೇಳಲಿ?

ಇದರ ಜೊತೆಗೆ ಇನ್ನೊಂದು ಬಾಲಂಗೋಚಿ ಇರುತ್ತದೆ. “ನಿಮ್ಮದು ಮಲೆನಾಡಾ?” ಅಲ್ಲ. ನಾನು ಹುಟ್ಟಿ ಬೆಳೆದಿದ್ದು ಶ್ರೀರಾಂಪುರದಲ್ಲಿ. ಕಾಡು ಅಂತ ಮೊದಲು ನೋಡಿದ್ದು ಸ್ಕೂಲ್ ಟ್ರಿಪ್ಪಿನ ಬಸ್ಸಿನ ಕಿಟಕಿಯಿಂದ. ಗುತ್ತಿಯನ್ನು ಇಷ್ಟಪಡೋಕೆ ತೀರ್ಥಹಳ್ಳಿಯ ರೇಷನ್ ಕಾರ್ಡ್ ಬೇಕಾಗಿಲ್ಲ.

ನನಗೆ ಇವರಿಬ್ಬರನ್ನು ಬೇರೆ ಮಾಡಲು ಆಗುವುದಿಲ್ಲ. ಯಾಕೆ ಅಂತ ಹೇಳುತ್ತೇನೆ, ಕೇಳಿ.

ಇಬ್ಬರೂ ಮುಂದೆ ನಡೆಯುವವರು. ಕುವೆಂಪು ಅವರ ಆ ದೊಡ್ಡ ಕಾಡಿನೊಳಗೆ ನಮ್ಮನ್ನು ಕರೆದುಕೊಂಡು ಹೋಗುವವನು ಗುತ್ತಿ. ಎಷ್ಟೊಂದು ಗೌಡರು, ಹೆಗ್ಗಡೆಯವರು ಇದ್ದಾರೆ ಆ ಪುಸ್ತಕದಲ್ಲಿ. ಅವರ ಮನೆಗಳಿಗೆಲ್ಲ ನಾವು ಹೋಗುವುದು ಮೊದಲು ಈ ಜೀತದಾಳಿನ ಬೆನ್ನ ಹಿಂದೆ. ‘ಕರ್ವಾಲೊ’ದಲ್ಲೂ ಹಾಗೇ. ಕಾಡಿಗೆ ಇಳಿದ ಮೇಲೆ ಮಂದಣ್ಣ ದಾರಿ ತೋರಿಸಬೇಕು, ಓದಿದವರು ಹಿಂದೆ ಹೋಗಬೇಕು. ಸಾಲಾಗಿ ನಿಲ್ಲಿಸಿದರೆ ಕೊನೆಯಲ್ಲಿ ನಿಲ್ಲಬೇಕಾದವರನ್ನು ಅಪ್ಪನೂ ಮಗನೂ ಮುಂದೆ ಬಿಟ್ಟಿದ್ದಾರೆ.

ಇಬ್ಬರಿಗೂ ಎರಡೆರಡು ಕೆಲಸ. ಗುತ್ತಿ ಹೊರಟಿದ್ದು ಒಡೆಯರ ಕೆಲಸಕ್ಕೆ. ಆದರೆ ಅವನ ಮನಸ್ಸೆಲ್ಲ ಬೆಟ್ಟಳ್ಳಿಯ ತಿಮ್ಮಿಯ ಹತ್ತಿರ. ಮಂದಣ್ಣನಿಂದ ವಿಜ್ಞಾನಕ್ಕೆ ಬೇಕಾಗಿರುವುದು ಓತಿ. ಅವನಿಗೆ ಬೇಕಾಗಿರುವುದು ಒಂದು ನೌಕರಿ, ಒಂದು ಮದುವೆ. ದೊಡ್ಡವರ ಕೆಲಸದ ಸಂಚಿಯೊಳಗೆ ತಮ್ಮ ಆಸೆಯನ್ನು ಸುತ್ತಿ ಇಟ್ಟುಕೊಂಡು ನಡೆಯುತ್ತಾರೆ ಇಬ್ಬರೂ. ಅದನ್ನು ಓದುವಾಗ ನನಗೆ ತುಂಬಾ ಪ್ರೀತಿ ಬರುತ್ತದೆ.

ಇನ್ನು ನಾಯಿ. ‘ಕರ್ವಾಲೊ’ದಲ್ಲೂ ನಾಯಿ ಇದೆ, ಕಿವಿ ಅಂತ. ಮುದ್ದಾದ ಸ್ಪೇನಿಯಲ್. ಆದರೆ ಅದು ಮಂದಣ್ಣನದಲ್ಲ, ಕತೆ ಹೇಳುವವರದು. ಕಿವಿಗೂ ಹುಲಿಯನಿಗೂ ಜೋಡಿ ಹಾಕುವವರು ತುಂಬಾ ಜನ ಇದ್ದಾರೆ. ನಾನು ಹಾಕುವುದಿಲ್ಲ. ನನ್ನ ಲೆಕ್ಕದಲ್ಲಿ ಹುಲಿಯನಿಗೆ ಸರಿಸಾಟಿ ಹಾರುವ ಓತಿ.

ನಗಬೇಡಿ. ಕೊನೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಮಳೆಗೆ ತುಂಬಿ ಹರಿಯುವ ತುಂಗೆ. ದೋಣಿಯಲ್ಲಿ ಗುತ್ತಿ, ತಿಮ್ಮಿ. ಹುಲಿಯ ಹೊಳೆಯ ಪಾಲಾಗುತ್ತದೆ. ಅಲ್ಲಿ ‘ಕರ್ವಾಲೊ’ದಲ್ಲಿ ಅಷ್ಟು ದಿನ ಹುಡುಕಿದ ಓತಿ ಕೈಗೆ ಸಿಕ್ಕೇಬಿಟ್ಟಿತು ಅನ್ನುವಾಗ ಬೆಟ್ಟದ ಅಂಚಿನಿಂದ ಕಣಿವೆಗೆ ತೇಲಿಕೊಂಡು ಹೋಗುತ್ತದೆ. ಒಂದನ್ನು ನೀರು ತೆಗೆದುಕೊಂಡಿತು, ಒಂದನ್ನು ಗಾಳಿ. ಎರಡು ಕಡೆಯೂ ಉಳಿದವರಿಗೆ ನೋಡುತ್ತಾ ಇರುವುದು ಬಿಟ್ಟು ಬೇರೆ ದಾರಿ ಇಲ್ಲ.

ಆ ಓತಿ ಕಟ್ಟುಕತೆಯ ಪ್ರಾಣಿ ಅಂತ ಎಷ್ಟೋ ಜನ ತಿಳಿದಿದ್ದಾರೆ. ಅಲ್ಲ ಕಣ್ರೀ, ಪಶ್ಚಿಮ ಘಟ್ಟದಲ್ಲಿ ಈಗಲೂ ಇದೆ. ಶೃಂಗೇರಿ ಹತ್ತಿರ ಸ್ನೇಹಿತೆಯ ಅಡಿಕೆ ತೋಟದಲ್ಲಿ ನಾನೇ ನೋಡಿದ್ದೇನೆ. ಅರ್ಧ ಗಂಟೆ ಮರ ನೋಡಿದರೂ ಏನೂ ಕಾಣಲಿಲ್ಲ. ಆಮೇಲೆ ತೊಗಟೆಯ ಒಂದು ಚೂರು ಅಲ್ಲಾಡಿದಂತಾಯಿತು. ಗಂಟಲ ಕೆಳಗಿಂದ ಹಳದಿ ಬಣ್ಣದ ನಾಲಿಗೆಯಂಥದ್ದೊಂದು ಹೊರಗೆ ಬಂತು, ಒಳಗೆ ಹೋಯಿತು. ತಲೆ ಮೇಲೆ ಮಾಡಿ ಮರ ಹತ್ತಿತು. ಇನ್ನೇನು ತುದಿ ಅನ್ನುವಾಗ ಜಿಗಿಯಿತು. ಅದರ ಪಕ್ಕೆಲುಬುಗಳೇ ಉದ್ದವಾಗಿ ಬೆಳೆದು ಕೊಡೆಯ ಕಡ್ಡಿಗಳ ಥರ ಚರ್ಮವನ್ನು ಬಿಚ್ಚುತ್ತವೆ. ಸದ್ದೇ ಇಲ್ಲ. ಮೂರನೇ ಮರಕ್ಕೆ ಹೋಗಿ ಅಂಟಿಕೊಂಡು ಮತ್ತೆ ತೊಗಟೆಯಾಯಿತು. ನನ್ನ ಸ್ನೇಹಿತೆ ದಿನಾ ನೋಡುವವಳು, “ಇಷ್ಟೇ ಕಣೇ” ಅಂದಳು. ನನಗೆ ಕಣ್ಣಲ್ಲಿ ನೀರು ಬಂದಿತ್ತು. ಮಂದಣ್ಣ ನೋಡಿದ್ದನ್ನು ನಾನೂ ನೋಡಿದೆ ಅನ್ನಿಸಿತು.

ಸರಿ, ಎಲ್ಲಿ ಹೋಲುವುದಿಲ್ಲ ಅನ್ನುವುದನ್ನೂ ಹೇಳಬೇಕು. ಅದು ಇನ್ನೂ ಮುಖ್ಯ. ಮಂದಣ್ಣನಿಗೆ ಪುಸ್ತಕದೊಳಗೆ ಕರ್ವಾಲೊ ಇದ್ದಾರೆ. ಊರೆಲ್ಲ ಪೆದ್ದ ಅಂದವನನ್ನು ಹುಟ್ಟಾ ನಿಸರ್ಗ ಬಲ್ಲವನು ಅಂತ ಗುರುತಿಸುವವರು. ಕತೆ ಹೇಳುವವರಿಗೇ ಮೊದಮೊದಲು ನಂಬಿಕೆ ಬರುವುದಿಲ್ಲ, ಈ ಹುಡುಗನಲ್ಲಿ ಇವರು ಏನು ಕಂಡರು ಅಂತ. ಕಳ್ಳಬಟ್ಟಿ ಕೇಸಿನಲ್ಲಿ ಸಿಕ್ಕಿಕೊಂಡಾಗ ಅವನಿಗಾಗಿ ಓಡಾಡಲು ಓದಿದವರು ಇದ್ದಾರೆ. ಗುತ್ತಿಗೆ? ಅವನು ಅಸ್ಪೃಶ್ಯ ಜಾತಿಯ ಜೀತದಾಳು. ಕಾಡಿನ ಒಂದೊಂದು ಸದ್ದು ಅವನಿಗೂ ಗೊತ್ತು. ಅದು ವಿದ್ಯೆ ಅಂತ ಹೇಳುವ ದೊಡ್ಡ ಮನುಷ್ಯ ಒಬ್ಬನೂ ಆ ಪುಸ್ತಕದೊಳಗೆ ಇಲ್ಲ. ತಿಮ್ಮಿಯನ್ನು ಬಿಟ್ಟರೆ ಅವನನ್ನು ಪೂರ್ತಿಯಾಗಿ ಒಪ್ಪಿಕೊಂಡ ಜೀವ ಹುಲಿಯ ಒಂದೇ. ಗುತ್ತಿಯ ಕರ್ವಾಲೊ ಆ ನಾಯಿ.

ಆದ್ದರಿಂದ “ಒಂದು ನಾಯಿ ಸತ್ತಿದ್ದಕ್ಕೆ ಇಷ್ಟೊಂದು ಅಳೋದಾ?” ಅಂತ ಕೇಳುವವರಿಗೂ ಇದೇ ಉತ್ತರ. ಹೌದು, ಅಳೋದೇ.

ನನ್ನನ್ನು ಗುತ್ತಿನಾ ಮಂದಣ್ಣನಾ ಅಂತ ಕೇಳಿದವರು ಐವತ್ತು ಜನ ಇರಬಹುದು. ಸರಿಯಾದ ಪ್ರಶ್ನೆ ಕೇಳಿದವರು ಒಬ್ಬರೇ, ನಮ್ಮಪ್ಪ.

ಅಪ್ಪ ಟೈಲರ್. ಶ್ರೀರಾಂಪುರದಲ್ಲಿ ಒಂದು ಶಟರ್ ಅಗಲದ ಅಂಗಡಿ. ‘ಮದುಮಗಳು’ ಪುಸ್ತಕವನ್ನು ನಾನೇ ಕೊಟ್ಟಿದ್ದೆ. ಗಿರಾಕಿ ಇಲ್ಲದಾಗ ಮಿಷನ್ ಮೇಲೆ ಇಟ್ಟುಕೊಂಡು ಓದುತ್ತಿದ್ದರು. ಮುಗಿಸಲು ಒಂದು ವರ್ಷದ ಮೇಲೇ ಆಯಿತು. ಗುರುತಿಗೆ ಪುಟದ ನಡುವೆ ಬಟ್ಟೆಗೆ ಗೀಟು ಹಾಕುವ ನೀಲಿ ಚಾಕ್ ಇಡುತ್ತಿದ್ದರು. ಆ ಪುಸ್ತಕ ಈಗ ನನ್ನ ಹತ್ತಿರ ಇದೆ. ಅಲ್ಲಲ್ಲಿ ನೀಲಿ ಪುಡಿ ಅಂಟಿಕೊಂಡಿದೆ. ಹುಲಿಯ ಹೊಳೆ ಪಾಲಾಗುವ ಪುಟದಲ್ಲಿ ಜಾಸ್ತಿ ಇದೆ. ಅಲ್ಲಿ ಎಷ್ಟು ದಿನ ನಿಂತಿದ್ದರೋ.

ಆ ಕಾದಂಬರಿಯನ್ನು ಸಿ. ಬಸವಲಿಂಗಯ್ಯ ಅವರು ನಾಟಕ ಮಾಡಿಸಿದ್ದು ಹಲವರಿಗೆ ನೆನಪಿರುತ್ತದೆ. ರಾತ್ರಿ ಶುರುವಾದರೆ ಬೆಳಗಿನವರೆಗೆ, ಸುಮಾರು ಒಂಬತ್ತು ಗಂಟೆಯ ನಾಟಕ. ಮೊದಲು 2010ರಲ್ಲಿ ಮೈಸೂರಿನ ರಂಗಾಯಣದಲ್ಲಿ, ಆಮೇಲೆ ಬೆಂಗಳೂರಿನಲ್ಲಿ ಮಲ್ಲತ್ತಹಳ್ಳಿಯ ಕಲಾಗ್ರಾಮದಲ್ಲಿ. ಒಂದು ವೇದಿಕೆ ಮುಗಿದರೆ ಪ್ರೇಕ್ಷಕರೇ ಎದ್ದು ಇನ್ನೊಂದು ವೇದಿಕೆಗೆ ಹೋಗಬೇಕು. ಅಪ್ಪನನ್ನು ಕರೆದುಕೊಂಡು ಹೋಗಿದ್ದೆ. ಜಮಖಾನ, ಎರಡು ಶಾಲು, ಫ್ಲಾಸ್ಕಿನಲ್ಲಿ ಕಾಫಿ, ಅಮ್ಮ ಕಟ್ಟಿಕೊಟ್ಟ ಚಿತ್ರಾನ್ನ. ಪ್ರತಿ ಸಲ ಎದ್ದಾಗಲೂ ಅಪ್ಪ ಜಮಖಾನವನ್ನು ಅಂಚಿಗೆ ಅಂಚು ಸೇರಿಸಿ ಮಡಚಿಕೊಳ್ಳುತ್ತಿದ್ದರು. ಕತ್ತಲಲ್ಲಿ ಜನ ತಳ್ಳಿಕೊಂಡು ಹೋಗುತ್ತಿದ್ದರೂ ಬಿಡುತ್ತಿರಲಿಲ್ಲ. ನಡುರಾತ್ರಿ ಟೀಗೆ ನಿಂತಾಗ ಹಿಂದಿನಿಂದ ಒಬ್ಬರು ನನ್ನನ್ನು ಕೇಳಿದರು, “ಮೇಡಂ, ನಿಮಗೆ ಅಪ್ಪನ ಪುಸ್ತಕ ಇಷ್ಟಾನಾ, ಮಗನ ಪುಸ್ತಕಾನಾ?” ಅವತ್ತೇ ಮೊದಲು ನನಗೆ ನಿಜವಾಗಿ ಸಿಟ್ಟು ಬಂದಿದ್ದು. ಅಪ್ಪ ನನ್ನ ತೋಳು ಮುಟ್ಟಿ “ಟೀ ಆರುತ್ತೆ, ಕುಡಿ” ಅಂದರು.

ಬೆಳಿಗ್ಗೆ ಬಸ್ಸಿನಲ್ಲಿ ವಾಪಸ್ ಬರುವಾಗ ಸುಮಾರು ಹೊತ್ತು ಸುಮ್ಮನಿದ್ದರು. ನಿದ್ದೆ ಬಂತೇನೋ ಅಂದುಕೊಂಡೆ. ನಾಗರಭಾವಿ ದಾಟಿದ ಮೇಲೆ ಕೇಳಿದರು. “ಅಲ್ಲಮ್ಮಾ, ಹುಲಿಯ ಹೋಯ್ತಲ್ಲ. ಇನ್ಮೇಲೆ ಅವನನ್ನ ಏನಂತ ಕರೀತಾರೆ?”

ನನಗೆ ಉತ್ತರ ಹೊಳೆಯಲಿಲ್ಲ. ನಾಯಿಗುತ್ತಿ. ಅವನ ಹೆಸರಿನ ಮೊದಲ ಅರ್ಧವೇ ತುಂಗೆಯಲ್ಲಿ ಹೋಯಿತು. ಹೊಳೆಯ ಆಚೆ ದಡದವರಿಗೆ ಹುಲಿಯ ಗೊತ್ತಿಲ್ಲ. ಅವರು ಬರೀ ಗುತ್ತಿ ಅನ್ನಬಹುದು. ಈಚೆಯಿಂದ ಯಾರಾದರೂ ಬಂದರೆ ಹಳೇ ಹೆಸರು ಹಿಡಿದು ಕೂಗುತ್ತಾರೆ. ಆಗ ಅವನು ಅಭ್ಯಾಸಕ್ಕೆ ಹಿಂದೆ ತಿರುಗಿ ನೋಡುತ್ತಾನಾ, ನಾಯಿ ಬಂತಾ ಅಂತ? ನಾಲ್ಕನೇ ಸಲ ಪುಸ್ತಕ ಓದಿದ್ದು ಈ ಪ್ರಶ್ನೆಗೋಸ್ಕರವೇ. ಮಂದಣ್ಣನಿಗೆ ಈ ತೊಂದರೆ ಇಲ್ಲ. ಓತಿ ಹಾರಿ ಹೋದರೂ ಅವನು ಮಂದಣ್ಣನೇ. ನೋಡಿದ್ದು ಅವನ ಕಣ್ಣಲ್ಲೇ ಇರುತ್ತದೆ. ಇಬ್ಬರ ನಡುವೆ ಇದಕ್ಕಿಂತ ದೊಡ್ಡ ವ್ಯತ್ಯಾಸ ನನಗೆ ಸಿಕ್ಕಿಲ್ಲ. ಕೇಳುವುದಾದರೆ ಇದನ್ನು ಕೇಳಿ, ಊಟ ಬಿಟ್ಟು ಕೂತು ಮಾತಾಡುತ್ತೇನೆ.

ಅಪ್ಪ ಯಾಕೆ ಹಾಗೆ ಕೇಳಿದರು ಅನ್ನುವುದು ನನಗೆ ಆಮೇಲೆ ತಿಳಿಯಿತು. ಅದಕ್ಕೆ ಆರು ತಿಂಗಳ ಮುಂಚೆ ಕಣ್ಣು ಮಂಜಾಗಿ, ಸೂಜಿಗೆ ದಾರ ಏರಿಸಲು ಆಗದೆ, ಮಿಷನ್ ಮಾರಿದ್ದರು. ಶಟರ್ ಎಳೆದು ಬೀಗ ಹಾಕಿ ಕೀ ಕೊಟ್ಟು ಬಂದಿದ್ದರು. ಮನೆಯಲ್ಲಿ ಅದರ ಬಗ್ಗೆ ಒಂದು ಮಾತೂ ಆಡಿರಲಿಲ್ಲ.

ಅವತ್ತು ಬಸ್ಸಿಳಿದು ನಮ್ಮ ರಸ್ತೆಗೆ ತಿರುಗಿದಾಗ ಹಾಲಿನ ಬೂತ್ ಆಗಷ್ಟೇ ತೆಗೆದಿತ್ತು. ಜಮಖಾನ ಕಂಕುಳಲ್ಲಿ ಇಟ್ಟುಕೊಂಡು ಬರುತ್ತಿದ್ದ ಅಪ್ಪನನ್ನು ನೋಡಿ ಬೂತಿನವರು ಕೂಗಿದರು. “ಏನ್ ಟೈಲರ್ ಸಾರ್, ಇಷ್ಟು ಬೆಳಿಗ್ಗೆ ಎಲ್ಲಿಂದ?”

ಅಪ್ಪ ನಿಂತರು. ನನ್ನ ಮುಖ ನೋಡಿದರು. “ನಾಟಕಕ್ಕೆ ಹೋಗಿದ್ವಿ” ಅಂದು, ಎರಡು ಪ್ಯಾಕೆಟ್ ಹಾಲು ತೆಗೆದುಕೊಂಡರು.