ವಿಟ್ನಿ ತೋಟದ ಕೊಪ್ಪರಿಗೆಗಳು

ಅಮೆರಿಕದ ನ್ಯೂ ಆರ್ಲಿಯನ್ಸ್‌ನಿಂದ ಮಿಸಿಸಿಪ್ಪಿ ನದಿಯ ಜಾಡು ಹಿಡಿದು ಹೋದರೆ, ಹಿಂದೆ ಗುಲಾಮರು ದುಡಿದ ವಿಟ್ನಿ ತೋಟ ಕಾರಿನಲ್ಲಿ ಒಂದು ಗಂಟೆಯ ದಾರಿ. ಜಾಡು ಅಂದೆನೇ ಹೊರತು ನದಿ ಕಣ್ಣಿಗೆ ಬೀಳುವುದಿಲ್ಲ. ಉದ್ದಕ್ಕೂ ಎತ್ತರದ ಮಣ್ಣಿನ ಏರಿ, ಇತ್ತ ಕಬ್ಬು, ನಡುನಡುವೆ ರಾಸಾಯನಿಕ ಕಾರ್ಖಾನೆಗಳು. ಇಲ್ಲಿ ಮೊದಮೊದಲು ಏರಿ ಹಾಕಿದ್ದು, ಪ್ರವಾಹಕ್ಕೆ ಕೊಚ್ಚಿಹೋದಾಗ ಮತ್ತೆ ಮಣ್ಣು ಹೊತ್ತದ್ದು, ಜೌಗು ನೆಲದ ನೀರು ಬಸಿಯಲು ಕಾಲುವೆ ತೋಡಿದ್ದು ಬಹುಪಾಲು ಗುಲಾಮರೇ.

ಜರ್ಮನಿಯಿಂದ ಬಂದ ಆಂಬ್ರೋಯಿಸ್ ಹೈಡೆಲ್ 1752ರಲ್ಲಿ ಈ ತೋಟ ಮಾಡಿದಾಗ ಬೆಳೆ ನೀಲಿ ಬಣ್ಣ ಕೊಡುವ ಇಂಡಿಗೋ ಗಿಡದ್ದು. ಗಿಡವನ್ನು ತೊಟ್ಟಿಯಲ್ಲಿ ಕೊಳೆಸಿ, ಆ ನೀರನ್ನು ಗಂಟೆಗಟ್ಟಲೆ ಬಡಿದು ಬಣ್ಣ ಇಳಿಸಬೇಕು. ನಾತ, ನೊಣ ಎಲ್ಲ ಬಡಿಯುವವರ ಪಾಲು. 1795ರಲ್ಲಿ ಎಟಿಯೆನ್ ದ ಬೋರೆ ಎಂಬ ಧಣಿಯ ತೋಟದಲ್ಲಿ ಹರಳು ಸಕ್ಕರೆ ಲಾಭಕ್ಕೆ ಬಂದದ್ದೇ ತಡ, ನದಿಯ ದಂಡೆಯೆಲ್ಲ ಕಬ್ಬಾಯಿತು.

ವಿಟ್ನಿಯ ಅಂಗಳದಲ್ಲಿ ಹಳೆಯ ಕಬ್ಬಿಣದ ಕೊಪ್ಪರಿಗೆಗಳಿವೆ, ಮನುಷ್ಯ ಒಳಗೆ ಕುಕ್ಕರಗಾಲಲ್ಲಿ ಕೂರಬಹುದಾದಷ್ಟು ದೊಡ್ಡವು. ಇವನ್ನು ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಕೂರಿಸಿ ಒಂದೇ ಒಲೆಯ ಉರಿ ಎಲ್ಲದರ ಅಡಿಗೂ ಹಾಯುವಂತೆ ಮಾಡುತ್ತಿದ್ದರು. ದೊಡ್ಡದಕ್ಕೆ ‘ಗ್ರಾಂದ್’, ಕೊನೆಯ ಚಿಕ್ಕದಕ್ಕೆ ‘ಬ್ಯಾಟರಿ’ ಎಂದು ಹೆಸರು. ಕಬ್ಬಿನ ಹಾಲಿಗೆ ಸುಣ್ಣ ಹಾಕಿ, ಮಡ್ಡಿ ತೆಗೆದು, ಉದ್ದ ಹಿಡಿಯ ಸೌಟಿನಲ್ಲಿ ಒಂದರಿಂದ ಇನ್ನೊಂದಕ್ಕೆ ಮೊಗೆದು ಸುರಿಯಬೇಕು. ಮಂಡ್ಯ ಕಡೆಯ ಆಲೆಮನೆ ಕಂಡವರಿಗೆ ಇದೆಲ್ಲ ಗೊತ್ತಿದ್ದದ್ದೇ. ಗೊತ್ತಿಲ್ಲದ್ದು ಇಲ್ಲಿನ ಆತುರ. ಹಿಮ ಬಿದ್ದರೆ ಕಬ್ಬು ಕೆಡುತ್ತದೆ. ಹಾಗಾಗಿ ಅಕ್ಟೋಬರ್‌ನಿಂದ ವರ್ಷದ ಕೊನೆಯವರೆಗೆ ಗಾಣ ಹಗಲಿರುಳೂ ತಿರುಗಬೇಕು. ಗದ್ದೆಯಲ್ಲಿ ಕಡಿದವರೇ ರಾತ್ರಿ ಪಾಳಿಯಲ್ಲಿ ಗಾಣಕ್ಕೆ ಕಬ್ಬು ಕೊಡುತ್ತಿದ್ದರು. ನಿದ್ದೆಗಣ್ಣಲ್ಲಿ ಉರುಳೆಗೆ ಕೈ ಸಿಕ್ಕರೆ, ಪಾಕ ಮೈಮೇಲೆ ಚೆಲ್ಲಿದರೆ ಮುಗಿಯಿತು.

ಆ ಒಲೆಗೆ ಸೌದೆ? ಅದಕ್ಕೆಂದು ಸೈಪ್ರೆಸ್ ಜೌಗುಕಾಡಿನಲ್ಲಿ ನಿಂತು ಮರ ಕಡಿಯುವುದು ಬೇರೆಯೇ ಕೆಲಸ. ಹೆಂಗಸರೂ ಕಬ್ಬು ಕಡಿಯುತ್ತಿದ್ದರು, ಮಕ್ಕಳು ನೀರು ಹೊರುತ್ತಿದ್ದರು. ಕಮ್ಮಾರ, ಬಡಗಿ, ಪೀಪಾಯಿ ಮಾಡುವವ, ಅಡುಗೆಯವಳು, ಧಣಿಯ ಮಕ್ಕಳಿಗೆ ದಾದಿ... ಎಲ್ಲ ಅವರೇ. ದೊಡ್ಡಮನೆಯ ಅಡುಗೆಮನೆ ಬೆಂಕಿಯ ಭಯಕ್ಕೆ ಬೇರೆ ಕಟ್ಟಡ. ಅದರೊಳಗಿನ ಸೆಖೆಯನ್ನು ಎರಡು ನಿಮಿಷ ನಿಂತು ಊಹಿಸಿದೆ, ಸಾಕಾಯಿತು.

ವಿಟ್ನಿ 2014ರಲ್ಲಿ ಮ್ಯೂಸಿಯಂ ಆಗಿ ತೆರೆಯಿತು. ಬಂಗಲೆಯ ವೈಭವಕ್ಕಿಂತ ಕೆಲಸ ಮಾಡಿದವರ ಕಥೆಯೇ ಇಲ್ಲಿ ಮುಖ್ಯ. ಒಂದು ಗ್ರಾನೈಟ್ ಗೋಡೆಯ ಮೇಲೆ ಈ ತೋಟದ ಗುಲಾಮರ ಹೆಸರುಗಳು, ಕೆಲವರ ಮುಂದೆ ಹುಟ್ಟಿದ ಸೀಮೆ ಮತ್ತು ಕಸುಬು. ಧಣಿ ಸತ್ತಾಗ ಆಸ್ತಿ ಬರೆದ ಪಟ್ಟಿಗಳಲ್ಲಿ ಎತ್ತು, ಕುದುರೆಗಳ ಜೊತೆ ಇವರನ್ನೂ ಬೆಲೆ ಕಟ್ಟಿ ನಮೂದಿಸುತ್ತಿದ್ದರು. ಕಸುಬು ಬಲ್ಲವನಿಗೆ ಬೆಲೆ ಜಾಸ್ತಿ, ಆದರೆ ಆ ಜಾಸ್ತಿ ಅವನ ಕೈಗೇನೂ ಬರುತ್ತಿರಲಿಲ್ಲ.

ಅಲ್ಲಿಂದ ಓಕ್ ಆ್ಯಲಿ ಎಂಬ ಇನ್ನೊಂದು ಹಳೆಯ ತೋಟಕ್ಕೆ ಹೋದೆವು. ಓಕ್ ಮರಗಳ ಸಾಲು, ಬಿಳಿ ಕಂಬಗಳ ಬಂಗಲೆ. “ಇಲ್ಲಿ ಮದುವೆ ಬೇರೆ ಮಾಡ್ತಾರಂತೆ ಕಣೋ,” ಅಂದರು ಭಾವ, ಮುಖ ಹುಳ್ಳಗೆ ಮಾಡಿಕೊಂಡು. ಅಲ್ಲಿ ನನಗೆ ಬೇಕಿದ್ದದ್ದು ಆಂಟ್ವಾನ್ ಎಂಬ ತೋಟಗಾರನ ಸುದ್ದಿ. 1846-47ರ ಚಳಿಗಾಲದಲ್ಲಿ ಈ ಗುಲಾಮ ಅಕ್ರೋಟಿನಂಥ ಕಾಯಿ ಬಿಡುವ ಪೆಕಾನ್ ಮರಗಳಿಗೆ ಒಳ್ಳೆಯ ತಳಿಯ ಕುಡಿ ಕಸಿ ಕಟ್ಟಿ ಗೆದ್ದ. ಸಿಪ್ಪೆ ತೆಳ್ಳಗಿನ, ಒಂದೇ ಸಮನಾದ ಕಾಯಿ. ಬೀಜ ನೆಟ್ಟರೆ ತಾಯಿಮರದಂಥ ಕಾಯಿ ಸಿಗುವ ಭರವಸೆಯಿಲ್ಲದ ಈ ಬೆಳೆ ವ್ಯಾಪಾರದ ತೋಟವಾಗಲು ಇದೇ ದಾರಿ ತೆರೆಯಿತು. 1848ರ ಪಟ್ಟಿಯಲ್ಲಿ ಅವನಿಗೆ ಕಟ್ಟಿದ ಬೆಲೆ 1000 ಡಾಲರ್. ಅವನ ಕಾಯಿ 1876ರ ಫಿಲಡೆಲ್ಫಿಯಾ ಶತಮಾನೋತ್ಸವ ಪ್ರದರ್ಶನದಲ್ಲಿ ಬಹುಮಾನ ಗಳಿಸಿತು, ತಳಿಗೆ ‘ಸೆಂಟೆನಿಯಲ್’ ಎಂದು ಹೆಸರಾಯಿತು. ಅವನು ಕಸಿ ಕಟ್ಟಿದ ಮರಗಳನ್ನು ಮುಂದೆ ಕಬ್ಬಿಗೆ ಜಾಗ ಮಾಡಲು ಕಡಿದುಹಾಕಿದರು.

ಎರಡನ್ನೂ ನೋಡುವವರು ವಿಟ್ನಿಯಿಂದಲೇ ಶುರು ಮಾಡಿ. ಓಕ್ ಸಾಲನ್ನು ಮೊದಲು ಕಂಡರೆ ಕ್ಯಾಮೆರಾ ಕೆಳಗಿಳಿಯುವುದಿಲ್ಲ.