ಕಾಮೆಂಟಿನಲ್ಲಿ ಹೊಲಿಗೆ ಹಾಕಲಾಗದು

ಆಪರೇಷನ್ ಆದವರು ಸಾಮಾಜಿಕ ಜಾಲತಾಣದಲ್ಲಿ ಗಾಯದ ಫೋಟೋ ಹಾಕಿ, ಸರ್ಜನ್‌ನ ಹೆಸರು ಟ್ಯಾಗ್ ಮಾಡಿ ಬೈದಿರುತ್ತಾರೆ. ನೀವೇ ಆ ಸರ್ಜನ್ ಆಗಿದ್ದರೆ ಉತ್ತರ ಬರೆಯಲು ಬೆರಳು ತುರಿಸುವುದು ಸಹಜ. ಆದರೆ 'ನಿಮಗೆ ಅವತ್ತೇ ಹೇಳಿದ್ದೆನಲ್ಲ' ಎಂದು ಬರೆದರೆ, ಅವರು ನಿಮ್ಮ ರೋಗಿ ಎಂದು ನೀವೇ ಊರಿಗೆಲ್ಲ ಸಾರಿದಂತೆ. ತಮ್ಮ ಕಾಯಿಲೆಯನ್ನು ಅವರು ಬಹಿರಂಗಪಡಿಸಬಹುದು. ಅಷ್ಟರಿಂದ ನಿಮ್ಮ ಗೋಪ್ಯತೆಯ ಹೊಣೆ ಕಳಚುವುದಿಲ್ಲ. ಹೊಗಳಿದ ಪೋಸ್ಟಿಗೂ ಇದೇ ಮಾತು.

ಉತ್ತರಿಸಲೇಬೇಕಾದರೆ ಒಂದೇ ಸಾಲು, ಅದೂ ಆಸ್ಪತ್ರೆಯ ಖಾತೆಯಿಂದ: 'ಯಾರದೇ ಚಿಕಿತ್ಸೆಯ ವಿಷಯ ಇಲ್ಲಿ ಚರ್ಚಿಸುವುದಿಲ್ಲ, ದಯವಿಟ್ಟು ನಮ್ಮ ಸಂಖ್ಯೆಗೆ ಕರೆ ಮಾಡಿ.'

ಆಮೇಲೆ ಫೋಟೋವನ್ನು ವೈದ್ಯರ ಕಣ್ಣಿನಿಂದ ನೋಡಿ. ಗಾಯದ ಸೋಂಕು ಹೆಚ್ಚಾಗಿ ಆಪರೇಷನ್ ಆದ 5ರಿಂದ 10ನೇ ದಿನದೊಳಗೆ ತಲೆ ಎತ್ತುತ್ತದೆ. ಕೆಂಪು ಹರಡಿದ್ದರೆ, ಕೀವು ಕಂಡರೆ, ಜ್ವರ ಎಂದು ಬರೆದಿದ್ದರೆ ಕಡತದಲ್ಲಿರುವ ಸಂಖ್ಯೆಗೆ ಅಂದೇ ಫೋನ್ ಮಾಡಿ, ಕರೆಸಿ ಪರೀಕ್ಷಿಸಿ. ಫೋಟೋ ನೋಡಿ ಆ್ಯಂಟಿಬಯೋಟಿಕ್ ಬರೆಯಬೇಡಿ: ಒಳಗೆ ಕೀವು ಕಟ್ಟಿದ್ದರೆ ಅದನ್ನು ಹೊರತೆಗೆಯಬೇಕು, ಮಾತ್ರೆಯೊಂದೇ ಸಾಲದು. ಫೋನಿನಲ್ಲಿ ಆಡಿದ ಮಾತನ್ನು ದಿನ, ಸಮಯ ಸಮೇತ ಕಡತಕ್ಕೆ ಸೇರಿಸಿ.

'ಮೊದಲು ಪೋಸ್ಟ್ ತೆಗೆಯಿರಿ' ಎಂದು ಮಾತು ಶುರು ಮಾಡಿದಿರೋ, ಆ ಕರೆಯೇ ಮುಂದಿನ ಪೋಸ್ಟ್. ಎಷ್ಟೋ ಸಲ ದೂರು ಜಾಲತಾಣಕ್ಕೆ ಹೋಗುವುದು ರಾತ್ರಿ ಯಾರಿಗೆ ಫೋನ್ ಮಾಡಬೇಕೆಂದು ಡಿಸ್ಚಾರ್ಜ್ ಚೀಟಿಯಲ್ಲಿ ಬರೆದಿರದ ಕಾರಣಕ್ಕೆ.