ಬೆರಳಿಗೆ ಸುತ್ತಿದ ರಬ್ಬರ್ ಬ್ಯಾಂಡ್

ಭಾನುವಾರ ಹೋಟೆಲ್ಲಿಂದ ಇಡ್ಲಿ ತಂದಿದ್ದೆ. ಚಟ್ನಿ ಪೊಟ್ಟಣದ ರಬ್ಬರ್ ಬ್ಯಾಂಡನ್ನು ಮಗಳು ತೋರುಬೆರಳಿಗೆ ನಾಲ್ಕು ಸುತ್ತು ಬಿಗಿದುಕೊಂಡು ಕೂತಿದ್ದಳು. ನಾನು ನೋಡುವಷ್ಟರಲ್ಲಿ ಬೆರಳ ತುದಿ ನೇರಳೆ ಹಣ್ಣಾಗಿತ್ತು. ಬೈದು ಬಿಚ್ಚಿಸಿದೆ. ಬಿಚ್ಚಿದ ಮೇಲೆ ಅದು ಹಳೇ ಬಣ್ಣಕ್ಕೆ ಬಂದು ನಿಲ್ಲಲಿಲ್ಲ, ಅದನ್ನೂ ದಾಟಿ ಕೆಂಪಾಯಿತು, ಮುಟ್ಟಿದರೆ ಪಕ್ಕದ ಬೆರಳಿಗಿಂತ ಬಿಸಿ. "ಅಪ್ಪ, ಬಿಟ್ಟ ಮೇಲೆ ಯಾಕೆ ಜಾಸ್ತಿ ಕೆಂಪಾಯ್ತು?" ಅಂದಳು.

ನಿಂತ ರಕ್ತ ಮತ್ತೆ ಬಂತು, ಅದು ಸರಿ. ಮಾಮೂಲಿಗಿಂತ ಜಾಸ್ತಿ ಬರಲಿ ಅಂತ ಹೇಳಿದ್ದು ಯಾರು? ಹೃದಯಕ್ಕಂತೂ ಈ ಬೆರಳಿನ ಗೋಳು ಗೊತ್ತೇ ಇಲ್ಲ. ಅದೆಲ್ಲ ಬೆರಳಿನೊಳಗೇ ತೀರ್ಮಾನ ಆಗಿದ್ದು.

ನಮ್ಮಜ್ಜಿ ಊರು ಕೋಲಾರದ ಕಡೆ. ಅಲ್ಲಿ ಕೆರೆ ತೂಬು ಎತ್ತಿ ಯಾವ ಗದ್ದೆಗೆ ಎಷ್ಟು ನೀರು ಅಂತ ಬಿಡೋನು ನೀರಗಂಟಿ. ಕೆರೆ ತುಂಬಿದ್ರೂ ಅವನು ಬಿಟ್ಟರೇನೇ ನೀರು. ಮೈಯಲ್ಲೂ ಹಾಗೇ. ಸುಮ್ನೆ ಕೂತಿದ್ದಾಗ ಹೃದಯ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ತಳ್ಳುತ್ತದೆ. ಅದನ್ನು ಹಂಚೋದು ಕೂದಲೆಳೆಯಷ್ಟು, ಎಷ್ಟೋ ಕಡೆ ಅದಕ್ಕಿಂತಲೂ ಸಣ್ಣ ಇರುವ ಕಿರು ಅಪಧಮನಿಗಳು. ಇವುಗಳ ಗೋಡೆಗೆ ಸ್ನಾಯು ಉಂಗುರದ ಹಾಗೆ ಸುತ್ತಿರುತ್ತದೆ. ಅದು ಬಿಗಿದರೆ ದಾರಿ ಸಣ್ಣ, ಸಡಿಲಿಸಿದರೆ ದೊಡ್ಡದು.

ಎಷ್ಟು ಸಡಿಲಿಸಬೇಕು ಅನ್ನೋದೇ ಮಜಾ. ಫ್ರಾನ್ಸಿನ ವೈದ್ಯ ಪ್ವಾಜೈ 1840ರ ಹೊತ್ತಿಗೆ ಸಪೂರ ಗಾಜಿನ ಕೊಳವೆಗಳಲ್ಲಿ ನೀರು ಹರಿಸಿ ಅಳೆದ. ಒತ್ತಡ ಅಷ್ಟೇ ಇಟ್ಟು ಕೊಳವೆಯ ಅಗಲ ಅರ್ಧ ಮಾಡಿದರೆ ಹರಿವು ಅರ್ಧ ಆಗಲ್ಲ, 16ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಅದೇ ಇದ್ದ ಅಗಲಕ್ಕೆ ಅದರ ಐದರಲ್ಲೊಂದು ಪಾಲು ಸೇರಿಸಿ ನೋಡಿ, ಹರಿವು ದುಪ್ಪಟ್ಟು. ಕೂದಲೆಳೆ ಗಾತ್ರದ ನಳಕ್ಕೆ ಅದೆಷ್ಟು ಸಣ್ಣ ತಿರುವು, ಅಲ್ವಾ?

ಊರಿಗೆ ಒಬ್ಬನೇ ನೀರಗಂಟಿ, ಮೈಯಲ್ಲಿ ಮಾತ್ರ ಗದ್ದೆಗೊಬ್ಬ. ರಬ್ಬರ್ ಬ್ಯಾಂಡ್ ಬಿಗಿದಾಗ ಬೆರಳಲ್ಲಿ ಆಮ್ಲಜನಕ ಮುಗಿಯುತ್ತಾ ಬಂತು, ಕಾರ್ಬನ್ ಡೈಆಕ್ಸೈಡು, ಆಮ್ಲ, ಅಡಿನೋಸಿನ್ ಅನ್ನೋ ರಾಸಾಯನಿಕ ಎಲ್ಲ ಅಲ್ಲೇ ಗುಡ್ಡೆ ಬಿತ್ತು. ಈ ಗುಡ್ಡೆಯೇ ನೀರಗಂಟಿಗೆ ಸುದ್ದಿ. ಅವನು ತೂಬು ಪೂರ್ತಿ ಎತ್ತಿಟ್ಟು ಕಾಯುತ್ತಿದ್ದ, ಬ್ಯಾಂಡ್ ಬಿಚ್ಚಿದ ಕೂಡಲೇ ರಕ್ತ ನುಗ್ಗಿ ಕಸವನ್ನೆಲ್ಲ ತೊಳೆದುಕೊಂಡು ಹೋಯಿತು, ಆಮೇಲೆ ನಿಧಾನಕ್ಕೆ ತೂಬು ಇಳಿಯಿತು, ಬೆರಳೂ ಹಳೇ ಬಣ್ಣಕ್ಕೆ ಬಂತು.

ಎಲ್ಲರೂ ಒಟ್ಟಿಗೆ ತೂಬು ಎತ್ತಿದರೆ ಕೆರೆ ಬರಿದು, ಅಂದರೆ ಬಿಪಿ ನೆಲಕ್ಕೆ. ಅದಕ್ಕೇ ನರಗಳು ಎಲ್ಲ ತೂಬನ್ನೂ ಒಂಚೂರು ಬಿಗಿಯಾಗೇ ಹಿಡಿದಿರುತ್ತವೆ. ಜೋರಾಗಿ ಓಡುವಾಗ ಸ್ನಾಯುಗಳಿಗೆ ರಕ್ತ ಹತ್ತಾರು ಪಟ್ಟು ಬೇಕು. ಆಗ ಕರುಳು, ಮೂತ್ರಪಿಂಡದ ಕಡೆಗೆ ಕಡಿತ, ಮೆದುಳಿಗೆ ಮಾತ್ರ ಕಡಿತ ಇಲ್ಲ.

ಇನ್ನೊಂದು ತೂಬು ನಮ್ಮನೇಲೇ ಇದೆ, ಮಾವನ ಜೇಬಲ್ಲಿ. ಎದೆ ಹಿಡಿದಾಗ ನಾಲಿಗೆ ಕೆಳಗೆ ಇಟ್ಟುಕೊಳ್ಳುವ ಸಾರ್ಬಿಟ್ರೇಟ್ ಮಾತ್ರೆ. ರಕ್ತನಾಳದ ಒಳಪದರ ತಾನೇ ನೈಟ್ರಿಕ್ ಆಕ್ಸೈಡ್ ಅನ್ನೋ ಅನಿಲ ಬಿಟ್ಟು ಪಕ್ಕದ ಸ್ನಾಯುವನ್ನು ಸಡಿಲಿಸುತ್ತದೆ. ಈ ಮಾತ್ರೆಯೂ ಮೈಯೊಳಗೆ ಅದನ್ನೇ ಕೊಡುತ್ತದೆ. ಇದನ್ನು ಬಿಡಿಸಿದ ಫರ್ಚ್‌ಗಾಟ್, ಇಗ್ನಾರೋ, ಮುರಾದ್ ಮೂವರಿಗೂ 1998ರಲ್ಲಿ ನೊಬೆಲ್ ಬಂತು. ಈ ಮಾತ್ರೆಯ ಹಾಗೇ ಮೈಯೊಳಗೆ ನೈಟ್ರಿಕ್ ಆಕ್ಸೈಡ್ ಕೊಡೋ ನೈಟ್ರೋಗ್ಲಿಸರಿನ್ನನ್ನು ಡೈನಮೈಟಿಗೆ ತುಂಬಿ ದುಡ್ಡು ಮಾಡಿದ ಆಲ್‌ಫ್ರೆಡ್ ನೊಬೆಲ್‌ಗೂ ಕೊನೆಗಾಲದಲ್ಲಿ ಡಾಕ್ಟರು ಹೃದಯಕ್ಕೆ ಅಂತ ನೈಟ್ರೋಗ್ಲಿಸರಿನ್ನನ್ನೇ ಬರೆದುಕೊಟ್ಟಿದ್ದರು!

ಹೋದ ವರ್ಷ ಮಾವ ನಿಂತುಕೊಂಡೇ ಮಾತ್ರೆ ಇಟ್ಟುಕೊಂಡು ಕಣ್ಣು ಕತ್ತಲೆ ಬಂದು ಗೋಡೆ ಹಿಡಿದಿದ್ದರು. ನಾಳಗಳೆಲ್ಲ ಒಟ್ಟಿಗೆ ಸಡಿಲಾಗಿ ರಕ್ತ ಕಾಲಲ್ಲೇ ಉಳಿದಿತ್ತು. ಈಗ ಕುರ್ಚಿ ಎಳೆದುಕೊಂಡು ಕೂತೇ ತೆಗೆದುಕೊಳ್ಳುತ್ತಾರೆ. ಸ್ವಲ್ಪ ಹೊತ್ತಿಗೆ ತಲೆನೋವು ಶುರು. ತಲೆಯ ನಾಳಗಳೂ ಅಗಲ ಆಗುತ್ತವೆ ಮಾವ, ಅದಕ್ಕೇ ಅಂತ ವಿವರಿಸಿದೆ. "ತಲೆಗ್ಯಾಕೆ ಬಿಡಬೇಕು, ಎದೆಗೆ ಮಾತ್ರ ಬಿಡೋಕಾಗಲ್ವೇನಪ್ಪಾ" ಅಂತ ಗೊಣಗಿದರು.